ಎರಡಿಂಚು ಕೆಳಗೆ

ಮೂವತ್ತಾರನೇ ವಯಸ್ಸಿಗೆ ನಿವೃತ್ತಿಯ ಅನುಭವ ಬರೆಯಲು ಕುಳಿತವಳನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆ ಆಕ್ಷೇಪಕ್ಕೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ: ಕೆಲಸದಿಂದ ನಾನು ನಿವೃತ್ತಳಾಗಲಿಲ್ಲ, ಕೆಲಸವೇ ನಿವೃತ್ತವಾಯಿತು. ಠಾಣೆ ನಗರದ ಪೂರ್ವಭಾಗದ ಕೋಪರಿಯಲ್ಲಿ, ಸ್ಟೇಷನ್ನಿಗೆ ಬೆನ್ನು ಕೊಟ್ಟು ನಿಂತಿದ್ದ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನಮ್ಮ ಕನ್ನಡ ಸಂಘದ ಚಿತ್ರಶಾಲೆ ಇತ್ತು. ಚಿತ್ರಶಾಲೆಗೆ ಮರಾಠಿಯಲ್ಲಿ ಕಲಾದಾಲನ ಎನ್ನುತ್ತಾರೆ; ನಮ್ಮವರ ಬಾಯಲ್ಲಿ ಅದು ಬರೀ ದಾಲನ. ಅಲ್ಲಿ ಹದಿಮೂರು ವರ್ಷ ಚಿತ್ರ ತೂಗುಹಾಕಿದೆ, ಚೀಟಿ ಬರೆದೆ, ಉದ್ಘಾಟನೆಗಳಿಗೆ ದೀಪದ ಎಣ್ಣೆ ಸುರಿದೆ. ಈಗ ಆ ಜಾಗದಲ್ಲಿ ಟವರ್ ಏಳುತ್ತಿದೆ. ವಾಪಸು ಹೋಗಬೇಕೆನಿಸಿದರೂ ಹತ್ತಲು ಆ ಮೆಟ್ಟಿಲುಗಳಿಲ್ಲ. ಅನಿಸುವುದಂತೂ ಹದಿನೈದು ದಿನಕ್ಕೊಮ್ಮೆ, ಗುರುವಾರಗಳಂದು, ತಪ್ಪದೆ ಅನಿಸುತ್ತದೆ. ಗುರುವಾರವೇ ಏಕೆ ಎಂಬುದು ಮುಂದೆ ಬರುತ್ತದೆ.

ಖಾರಘರದಲ್ಲಿ ಹೊಸದಾಗಿ ತೆರೆದ ಗ್ಯಾಲರಿಯೊಂದಕ್ಕೆ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ಫೋನ್ ಮಾಡಿ, "ಮ್ಯಾಮ್, ಈ ಕೆಲಸದಲ್ಲಿ ಆ್ಯಕ್ಚುಲಿ ಏನ್ ಮಾಡ್ಬೇಕು?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರೂ ಅದಕ್ಕೆ ನೇರವಾಗಿ ಉತ್ತರ ಕೊಟ್ಟಿರಲಿಲ್ಲ.

ಅವರು ಪಾಂಡುರಂಗ ಮಾಸ್ತರು. ಮುನ್ಸಿಪಾಲಿಟಿ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಮಂಗಳೂರು ಕಡೆಯವರು, ದಾಲನದ ಉಸ್ತುವಾರಿ. ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವಳು, ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಡುಗಿ. ಚೀಟಿಯಲ್ಲಿ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ನಾಲ್ಕು ನಿಮಿಷ ಕೊಟ್ಟರೆ ಯಾವುದನ್ನಾದರೂ ಸಾಧಿಸಿ ಕೂರುತ್ತಿದ್ದೆ. ಸಂದರ್ಶನದ ದಿನ ಮಾಸ್ತರು ಗೋಡೆಯ ಮೇಲಿನ ಒಂದು ಚಿತ್ರ ತೋರಿಸಿ, "ಇದು ಹೇಗುಂಟು?" ಎಂದರು. ಚೆನ್ನಾಗಿಲ್ಲ ಎಂದೆ, ಮೂರು ಕಾರಣ ಕೊಟ್ಟೆ.

"ಮೂರೂ ಸರಿ," ಎಂದರು ಮಾಸ್ತರು. "ಆದ್ರೆ ನೀನು ಅದನ್ನು ನೋಡಿದ್ದು ಅರ್ಧ ನಿಮಿಷ, ಮಾತಾಡಿದ್ದು ಐದು ನಿಮಿಷ. ನಾಳೆಯಿಂದ ಬಾ. ಅದನ್ನು ಉಲ್ಟಾ ಮಾಡುವ."

ಮರುದಿನದಿಂದ ಹೋದೆ. ಮೊದಲ ಪಾಠ ಎತ್ತರದ್ದು. ಚಿತ್ರದ ನಟ್ಟನಡು ನೆಲದಿಂದ ಐದಡಿಗೆ ಬರಬೇಕೆಂದು ಪುಸ್ತಕ ಹೇಳುತ್ತದೆ. ನಾನು ಅಳೆದು ಐದಡಿಗೇ ಮೊಳೆ ಹೊಡೆದಿದ್ದೆ. ಮಾಸ್ತರು ಬಂದು ನೋಡಿ, "ಎರಡಿಂಚು ಕೆಳಗೆ," ಎಂದರು.

"ಪುಸ್ತಕದಲ್ಲಿ ಐದಡಿ ಅಂತಿದೆ, ಮಾಸ್ತರೇ."

"ಪುಸ್ತಕ ಬರೆದವರು ಎತ್ತರದ ಜನ ಮಾರಾಯ್ತಿ. ನಮ್ಮಲ್ಲಿಗೆ ಬರುವವರು ವಿಟಿ ಸ್ಟೇಷನ್ನಿನಿಂದ ಒಂದು ಗಂಟೆ ಲೋಕಲ್ ಟ್ರೇನಿನಲ್ಲಿ ನಿಂತು, ಬೆನ್ನು ಬಗ್ಗಿಸಿಕೊಂಡು ಮೆಟ್ಟಿಲು ಹತ್ತುವವರು. ಅವರ ಕೈಯಲ್ಲಿ ತಲೆ ಎತ್ತಿಸಬೇಡ. ದಿನವಿಡೀ ಎತ್ತಿ ಸಾಕಾಗಿರ್ತದೆ."

ನಾನು ಒಪ್ಪಲಿಲ್ಲ. ಒಂದು ವಾರ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಸಣ್ಣ ಗೆರೆಗಳನ್ನು ಎಳೆದಿಟ್ಟು, ಒಳಬಂದವರ ಕಣ್ಣು ಯಾವ ಗೆರೆಗೆ ಬರುತ್ತದೆಂದು ಗುಟ್ಟಾಗಿ ಗುರುತು ಮಾಡಿಕೊಂಡೆ. ವಾರದ ಕೊನೆಗೆ ಕೂಡಿಸಿ ನೋಡಿದರೆ ಐದಡಿಗೆ ಎರಡೂಕಾಲು ಇಂಚು ಕಡಿಮೆ. ಮಾಸ್ತರಿಗೆ ಹೇಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. "ಕಾಲಿಂಚು ನಿನಗೆ ಬಿಟ್ಟೆ," ಎಂದರು.

ಈಗಿನವರಿಗೆ ನಾನು ಹೇಳಬಹುದಾದ ಮೊದಲ ಮಾತು ಇದು. ಗ್ಯಾಲರಿಯಲ್ಲಿ ತೂಗುಹಾಕುವುದು ಚಿತ್ರವನ್ನಲ್ಲ, ನೋಡುವವರ ಕತ್ತನ್ನು.

ಎರಡನೆಯದು ಉದ್ಘಾಟನೆ. ಅದನ್ನು ಸುಲಭ ಎಂದುಕೊಂಡವರು ಒಮ್ಮೆ ನಡೆಸಿ ನೋಡಲಿ. ದೀಪ ಹಚ್ಚಲು ಫ್ಯಾನ್ ಆರಿಸಬೇಕು. ಫ್ಯಾನ್ ಆರಿಸಿದರೆ ಮುಖ್ಯ ಅತಿಥಿ ಬೆವರುತ್ತಾರೆ, ಭಾಷಣ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ದೀಪದ ಬತ್ತಿಯನ್ನು ಬೇಕೆಂದೇ ದಪ್ಪ ಮಾಡುತ್ತಿದ್ದೆವು. ಅದು ಉರಿದು ಮುಗಿಯುವ ತನಕ ಫ್ಯಾನ್ ಇಲ್ಲ. ಭಾಷಣದ ನಡುವೆ ಫಾಸ್ಟ್ ಲೋಕಲ್ ಹಾದರೆ ಕಿಟಕಿ ಗಾಜು ಗಡಗಡ ಎನ್ನುತ್ತಿತ್ತು. ಮಾತಾಡುವವರು ಬಾಯಿ ತೆರೆದುಕೊಂಡೇ ನಿಲ್ಲುತ್ತಿದ್ದರು, ಗಾಡಿ ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ತಿಂಡಿಯ ಮೇಜು ಯಾವಾಗಲೂ ಬಾಗಿಲಿನಿಂದ ದೂರದ ಮೂಲೆಗೆ. ಬಟಾಟೆ ವಡೆಯ ವಾಸನೆ ಹಿಡಿದು ಹೊರಟವರು ಮೂವತ್ತು ಚಿತ್ರ ದಾಟಲೇಬೇಕು. ಮೂವತ್ತರಲ್ಲಿ ಒಂದರ ಮುಂದೆ ಒಬ್ಬರು ಕಾಲು ತಡೆದು ನಿಂತರೆ ಮಾಸ್ತರು ನನಗೆ ಕಣ್ಸನ್ನೆ ಮಾಡುತ್ತಿದ್ದರು. ಆ ದಿನದ ಲೆಕ್ಕ ಅಷ್ಟೇ. ನಿಂತವರು ಒಬ್ಬರೋ ಇಬ್ಬರೋ.

ನನ್ನ ಮೊದಲ ಉದ್ಘಾಟನೆಯ ಎಡವಟ್ಟನ್ನೂ ಹೇಳಿಬಿಡುತ್ತೇನೆ, ಬೇರೆಯವರು ಹೇಳುವ ಮುಂಚೆ. ಬರೀ ಬಿಳಿ ಗೋಡೆ ಸಪ್ಪೆ ಎನಿಸಿ, ಪ್ರತಿ ಚೌಕಟ್ಟಿಗೂ ಚೆಂಡುಹೂವಿನ ಸರ ಇಳಿಬಿಟ್ಟೆ. ಹಬ್ಬದ ಹಾಗೆ ಕಾಣುತ್ತಿತ್ತು. ಚಿತ್ರಗಳಲ್ಲಿ ಒಂದು, ಚಿತ್ರಕಾರರ ಅತ್ತೆಯವರ ಭಾವಚಿತ್ರ. ಸಂಜೆ ಅದೇ ಅತ್ತೆ, ಇಳಕಲ್ ಸೀರೆ ಉಟ್ಟು, ಮೆಟ್ಟಿಲು ಹತ್ತಿ ಬಂದರು. ಮಾಲೆ ಹಾಕಿಸಿಕೊಂಡ ತಮ್ಮದೇ ಮುಖದ ಎದುರು ನಿಂತರು.

"ಯಾವಾಗ ಹ್ವಾದೆ ನಾನು?" ಎಂದು ಅಳಿಯನನ್ನು ಕೇಳಿದರು. "ತಿಥಿ ಊಟಾ ಆತೇನು, ಇನ್ನೂ ಐತೇನು?"

ಅಳಿಯ ಗೋಡೆಗೆ ಅಂಟಿಕೊಂಡರು. ನಾನು ವಾದ ಶುರುಮಾಡಿದೆ: ಹೂವು ಎಲ್ಲ ಚಿತ್ರಕ್ಕೂ ಇದೆ, ಇದೊಂದಕ್ಕೇ ಅಲ್ಲ, ಹಾಗಾಗಿ ತಾರ್ಕಿಕವಾಗಿ... ಮಾಸ್ತರು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ಆ ಸರ ತೆಗೆದು ಆಯಮ್ಮನ ಕೈಗೇ ಕೊಟ್ಟು, "ಮುಡ್ಕೊಳ್ಳಿ ಅಮ್ಮ, ನಿಮಗೇ ತಂದದ್ದು," ಎಂದರು. ಚೆಂಡುಹೂ ಮುಡಿಯುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಕೆ ನಕ್ಕರು. ವಡೆ ನಾಲ್ಕು ತಿಂದರು.

ಇನ್ನು ಗುರುವಾರದ ವಿಷಯ.

ನಮ್ಮಲ್ಲಿ ಹದಿನೈದು ದಿನಕ್ಕೊಂದು ಪ್ರದರ್ಶನ. ಶುಕ್ರವಾರ ಉದ್ಘಾಟನೆ. ಅದರ ಹಿಂದಿನ ದಿನ, ಅಂದರೆ ಒಂದು ಬಿಟ್ಟು ಒಂದು ಗುರುವಾರ, ಕೆಳಗಿನ ಬಾಗಿಲಿಗೆ ಹಾಕುವ ಬೋರ್ಡು ಬರೆಯಲು ಈರಣ್ಣ ಬರುತ್ತಿದ್ದರು. ಗದಗ ಕಡೆಯವರು, ಕೋಪರಖೈರಣೆಯಲ್ಲಿ ಮನೆ. ವಾಶಿ ಮಾರ್ಕೆಟ್ಟಿನ ಉಳ್ಳಾಗಡ್ಡಿ-ಬಟಾಟೆ ಅಂಗಡಿಗಳ ಬೋರ್ಡು, ಟ್ರಕ್ಕುಗಳ ಹಿಂದಿನ ಬರಹ, ಎಲ್ಲ ಅವರದೇ ಕೈ. ಕುಳ್ಳ ಮನುಷ್ಯ. ಭುಜಕ್ಕೆ ಬ್ರಷ್ಷಿನ ಚೀಲ, ಕಿವಿಯ ಮೇಲೆ ಸೀಮೆಸುಣ್ಣ.

ನಮ್ಮಲ್ಲಿದ್ದದ್ದು ಒಂದೇ ಹಲಗೆ, ನಾಲ್ಕಡಿಗೆ ಮೂರಡಿಯದು. ಈರಣ್ಣ ಅದನ್ನು ದಾಲನದ ಬಾಗಿಲ ಹೊರಗಿನ ಜಗಲಿಯ ಗೋಡೆಗೆ ಒರಗಿಸಿ, ಹಳೆಯ ಅಕ್ಷರಗಳ ಹೊಳಪು ಹೋಗುವಷ್ಟು ಪಾಲಿಶ್ ಪೇಪರಿನಿಂದ ಉಜ್ಜಿ, ಮೇಲೆ ಬಿಳಿ ಬಣ್ಣ ಬಳಿದು, ಅದು ಒಣಗುವ ತನಕ ಚಹಾ ಕುಡಿದು, ದಾರಕ್ಕೆ ಸುಣ್ಣ ಹಚ್ಚಿ ಚಿಟಿಕೆ ಹೊಡೆದು ಗೆರೆ ಮಾಡಿ, ಮೂರು ಲಿಪಿಯಲ್ಲಿ ಬರೆಯುತ್ತಿದ್ದರು: ಕನ್ನಡ, ಮರಾಠಿ, ಇಂಗ್ಲಿಷ್. ಇಂಗ್ಲಿಷ್ ಓದಲು ಅವರಿಗೆ ಬರುತ್ತಿರಲಿಲ್ಲ. ನಾನು ಕಾಗದದಲ್ಲಿ ಬರೆದುಕೊಟ್ಟದ್ದನ್ನು ಚಿತ್ರದಂತೆ ನೋಡಿ ಇಳಿಸುತ್ತಿದ್ದರು. ಒಂದು ದಿನವೂ ತಪ್ಪಿದ್ದಿಲ್ಲ. ತಪ್ಪಿದ್ದು ಕಾಗದ ಬರೆದ ನಾನು, ಎರಡು ಸಲ.

"ವಕೀಲಬಾಯಿ, ಈ ಹೆಸರು ಹಿಂದಿನ ಸಲ ಬ್ಯಾರೆ ನಮೂನಿ ಬರಸಿದ್ರಿ," ಎನ್ನುತ್ತಿದ್ದರು. ನನ್ನ ವಾದದ ಚಟಕ್ಕೆ ಅವರಿಟ್ಟ ಹೆಸರು ಅದು.

ಆ ಜಗಲಿ, ಎನಾಮೆಲ್ ಬಣ್ಣದ ವಾಸನೆ, ಒಳಗಿನಿಂದ ನನ್ನ ಸುತ್ತಿಗೆಯ ಸದ್ದು, ಕೆಳಗಿನ ಅಂಗಡಿಯಿಂದ ಬರುವ ಕರಿದ ಎಣ್ಣೆಯ ಹೊಗೆ. ಮಾಸ್ತರು ತಮ್ಮ ಕುರ್ಚಿ ಎತ್ತಿಕೊಂಡು ಬಂದು ಈರಣ್ಣನ ಹಿಂದೆ ಕೂರುತ್ತಿದ್ದರು. ಒಳಗೆ ಗೋಡೆಯ ತುಂಬ ಚಿತ್ರವಿದ್ದರೂ ನೋಡುತ್ತಿದ್ದುದು ಇದನ್ನು. ಯಾಕೆ ಎಂದು ಕೇಳಿದ್ದಕ್ಕೆ, "ಅವನು ಉಸಿರು ಬಿಡುವುದು ಅಕ್ಷರ ಮುಗಿದ ಮೇಲೆ. ಗಮನಿಸಿದ್ದೀಯಾ?" ಎಂದರು. ಗಮನಿಸಿರಲಿಲ್ಲ. ನಾನು ಕಾಗುಣಿತ ನೋಡುತ್ತಿದ್ದೆ.

ನಾನು ಸೇರಿದ ನಾಲ್ಕನೇ ವರ್ಷವಿರಬೇಕು. ಒಂದು ಗುರುವಾರ ಬೋರ್ಡು ಮುಗಿದ ಮೇಲೂ ಈರಣ್ಣ ಹೊರಡಲಿಲ್ಲ. ಚೀಲದ ಬಾಯಿ ಬಿಗಿದರು, ಬಿಚ್ಚಿದರು.

"ಬಾಯಿಯವರ, ನಾನೂ ಒಂದಿಷ್ಟು ಮಾಡೀನ್ರಿ. ನನ್ನ ಸಲುವಾಗಿ. ಇಲ್ಲಿ ಒಳಗ ಹಚ್ಚಾಕ ಬರ್ತದೇನ್ರಿ?"

ಒಳಗೆ ಹಚ್ಚುವುದೆಂದರೆ ಆಯ್ಕೆ ಸಮಿತಿಯ ಮುಂದೆ ಬರಬೇಕು ಎಂದೆ. ಭಾನುವಾರ ಬಂದರು. ಚಾದರದಲ್ಲಿ ಸುತ್ತಿದ ಹನ್ನೊಂದು ತಗಡುಗಳು, ಎರಡಡಿ ಚೌಕದವು, ಅಂಗಡಿ ಬೋರ್ಡಿಗೆ ಕತ್ತರಿಸಿ ಉಳಿದವು. ಪ್ರತಿಯೊಂದರ ಮೇಲೂ ಒಂದೇ ಒಂದು ಕನ್ನಡ ಅಕ್ಷರ, ಕಲ್ಲಿನಲ್ಲಿ ಕಡೆದು ಬಿಸಿಲಲ್ಲಿ ನಿಲ್ಲಿಸಿದ ಹಾಗೆ, ನೆರಳಿನೊಂದಿಗೆ. ಜೊತೆಗೆ ಎಂಟು ವರ್ಷದ ಮಗಳು ರೇಣು, ಹೊಸ ಫ್ರಾಕು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ.

"ಮಾರ್ಕೆಟ್ಟಿನ್ಯಾಗ ಯಾರೂ ಕನ್ನಡ ಬರಸಂಗಿಲ್ರಿ," ಎಂದರು ಈರಣ್ಣ. "ಈಕಿಗೂ ಓದಾಕ ಬರಂಗಿಲ್ಲ. ಮಾತಾಡಿದ್ರ ತಿಳೀತದ, ಉತ್ತರಾ ಹಿಂದಿ ಭಾಷಾದಾಗ ಕೊಡ್ತಾಳ. ಅದಕ್ಕ ಅಕ್ಷರ ಮಾಡೀನಿ. ಎಲ್ಲಾ ನಲವತ್ತೊಂಬತ್ತೂ ಅದಾವ ಮನ್ಯಾಗ. ಹೊರಾಕ ಆಗಲಿಲ್ಲ, ಅಲ್ಲೊಂದು ಇಲ್ಲೊಂದು ಆರಿಸಿ ತಂದೀನಿ."

ತಂದೆ-ಮಗಳಿಬ್ಬರನ್ನೂ ಜಗಲಿಯಲ್ಲಿ ಕೂರಿಸಿ ತಗಡುಗಳನ್ನು ನಾನು ಒಳಗೊಯ್ದೆ. ಸಮಿತಿಯ ಮುಂದೆ ಜೋಡಿಸಿಟ್ಟದ್ದು ನಾನೇ. ಜೋಡಿಸುವುದರಲ್ಲಿ ಆಗಲೇ ನನಗೆ ಹೆಸರಿತ್ತು. ಬಣ್ಣ ನೋಡಿ ಇಟ್ಟೆ: ಕೆಂಪು, ಕೇಸರಿ, ಹಳದಿ, ಹಸಿರು, ನೀಲಿ. ಕಣ್ಣಿಗೆ ಹಿತವಾಗಿತ್ತು.

ಮಾಸ್ತರು ಸುಮಾರು ಹೊತ್ತು ನೋಡಿ, "ಇವನ ನೆರಳು ನೋಡಿ. ಒಂದೊಂದು ಒಂದೊಂದು ಕಡೆ ಬಿದ್ದಿದೆ. ಬಿಸಿಲು ಎಲ್ಲಿಂದ ಬರ್ತಾ ಉಂಟು?" ಎಂದರು. ಯಾರಿಗೂ ಹೊಳೆಯಲಿಲ್ಲ. ಸಂಘದ ಕಾರ್ಯದರ್ಶಿ ಶ್ರೀನಾಥ್, ಬೆಂಗಳೂರಿನವರು, ಬ್ಯಾಂಕೊಂದರಲ್ಲಿ ದೊಡ್ಡ ಕೆಲಸ, ನನ್ನತ್ತ ತಿರುಗಿದರು. "ಗೌರಿ, ನೀವು ಹೇಳಿ. ನಿಮ್ಮಷ್ಟು ಕ್ಲಿಯರ್ ಆಗಿ ಯೋಚಿಸೋರು ಯಾರಿದಾರೆ ಇಲ್ಲಿ?"

ಕೇಳಬಾರದಿತ್ತು. ಕೇಳಿದರು. ನನಗೆ ನಾಲ್ಕು ನಿಮಿಷ ಸಿಕ್ಕ ಹಾಗಾಯಿತು.

ಒಂದು, ಕೈಚಳಕ ಬೇರೆ, ಕಲೆ ಬೇರೆ. ಚಳಕವನ್ನೇ ಗೋಡೆಗೇರಿಸಿದರೆ ಅಕ್ಕಸಾಲಿಗನಿಗೂ ದರ್ಜಿಗೂ ಇಲ್ಲ ಎನ್ನುವುದು ಹೇಗೆ? ಎರಡು, ಇದು ವರ್ಣಮಾಲೆ. ಅದಕ್ಕೆ ಜಾಗ ಶಾಲೆಯ ಗೋಡೆ. ಮೂರು, ನೆರಳುಗಳು ಬೇರೆ ಬೇರೆ ದಿಕ್ಕಿಗಿವೆ ಎಂಬುದನ್ನು ಮಾಸ್ತರು ಗುಣವೆಂದು ತೋರಿಸಿದರು; ನಾನು ಅದನ್ನೇ ದೋಷವೆನ್ನುತ್ತೇನೆ, ಒಂದು ಕೃತಿಗೆ ಬೆಳಕು ಒಂದಿರಬೇಕು. ಮೂರನೆಯದು ಹೇಳುವಾಗ ನನ್ನ ದನಿ ತಾನಾಗಿಯೇ ಏರಿತ್ತು. ಗೆಲ್ಲುವಾಗ ಏರುತ್ತದೆ. ಸಮಿತಿ ತಲೆದೂಗಿತು. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು.

ಹೊರಗೆ ಬಂದರೆ ಈರಣ್ಣ ಬಾಗಿಲ ಪಕ್ಕವೇ ನಿಂತಿದ್ದರು. ಪ್ರತಿ ಮಾತೂ ಕೇಳಿಸಿತ್ತು. "ಛಲೋ ಮಾತಾಡಿದ್ರಿ, ವಕೀಲಬಾಯಿ," ಎಂದರು. ಅದರಲ್ಲಿ ಚುಚ್ಚು ಇರಲಿಲ್ಲ; ಇದ್ದಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು. ತಗಡುಗಳನ್ನು ಚಾದರಕ್ಕೆ ಸುತ್ತುತ್ತ, "ಮುಂದಿನ ಬೇಸ್ತವಾರದ್ದು ಯಾರ ಹೆಸರ್ರಿ? ಉದ್ದ ಅದ ಏನು?" ಎಂದು ಕೇಳಿದರು. ರೇಣು ಮಾತ್ರ, "ಪಪ್ಪಾ, ಅಂದರ್ ನಹೀ ಲಗಾಯಾ?" ಎಂದಳು. ಒಳಗೆ ಹಾಕಲಿಲ್ಲವೇ ಎಂದು. ಈರಣ್ಣ ಅವಳ ಜಡೆ ಎಳೆದರು, ಅಷ್ಟೇ.

ಮುಂದಿನ ಸರದಿಯ ಗುರುವಾರ ಅವರು ಬಂದರು. ಅದರ ಮುಂದಿನದಕ್ಕೂ ಬಂದರು. ನಾಲ್ಕು ವರ್ಷ ಹಾಗೇ ಬಂದರು. ಒಳಗೆ ಮಾತ್ರ ಕಾಲಿಡಲಿಲ್ಲ. ಚಹಾ ಜಗಲಿಯಲ್ಲೇ. ಇದನ್ನು ನಾನು ಗಮನಿಸಿದ್ದೆ. ಗಮನಿಸಿಯೂ ‘ಒಳಗೆ ಬನ್ನಿ’ ಎನ್ನಲಿಲ್ಲ. ಹಾಗೆಂದರೆ ಸೋತ ಹಾಗೆ ಎಂಬ ಲೆಕ್ಕ ನನ್ನದು.

ಅಷ್ಟರಲ್ಲಿ ಕೆಲಸದ ರೀತಿ ಬದಲಾಗುತ್ತಿತ್ತು. ಆಮಂತ್ರಣ ಪತ್ರಿಕೆಯನ್ನು ಕೈಯಾರೆ ಹಂಚಲು ಕಲ್ಯಾಣದವರೆಗೂ ಹೋಗುತ್ತಿದ್ದೆವು; ಅದು ಎಸ್ಸೆಮ್ಮೆಸ್ಸಿಗೆ ಇಳಿಯಿತು, ಆಮೇಲೆ ವಾಟ್ಸಾಪಿಗೆ. ಮನೆಗೆ ಹೋಗಿ ಕರೆದರೆ ಬರಲೇಬೇಕೆಂಬ ದಾಕ್ಷಿಣ್ಯವಿತ್ತು. ವಾಟ್ಸಾಪಿನಲ್ಲಿ ಕೈ ಮುಗಿದ ಚಿತ್ರ ಬಂತು, ಜನ ಬರಲಿಲ್ಲ. ಬೋರ್ಡಿನ ಸರದಿಯೂ ಬಂತು.

"ಫೈಲ್ ಕಳ್ಸಿದ್ರೆ ಅರ್ಧ ಗಂಟೇಲಿ ಫ್ಲೆಕ್ಸ್ ರೆಡಿ," ಎಂದರು ಶ್ರೀನಾಥ್. "ಫೋಟೋನೂ ಹಾಕ್ಬಹುದು. ಈರಣ್ಣನಿಗೆ ನೀವೇ ಒಂದ್ಮಾತು ಹೇಳ್ಬಿಡಿ ಪ್ಲೀಸ್. ನಿಮಗೆ ಮಾತು ಚೆನ್ನಾಗಿ ಬರತ್ತೆ."

ಶ್ರೀನಾಥ್ ಕೆಟ್ಟವರಲ್ಲ, ಅವರ ಮಾತು ತಪ್ಪೂ ಅಲ್ಲ. ಹೇಳುವ ವಾಕ್ಯಗಳನ್ನು ಲೋಕಲಿನಲ್ಲಿ ನಿಂತು ಅಭ್ಯಾಸ ಮಾಡಿದೆ. ಫೋನ್ ಮಾತ್ರ ಮಾಡಲಿಲ್ಲ. ಗುರುವಾರ ಈರಣ್ಣ ಚೀಲದೊಂದಿಗೆ ಬಂದಾಗ ಬಾಗಿಲಲ್ಲಿ ಫ್ಲೆಕ್ಸ್ ತೂಗುತ್ತಿತ್ತು. ಹತ್ತಿರ ಹೋಗಿ ಅದರ ಮೇಲೆ ಬೆರಳಾಡಿಸಿದರು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ.

"ನೀಟ್ ಅದ ಬಿಡ್ರಿ," ಎಂದರು. "ಅಕ್ಷರದ ಹೊಟ್ಟಿ ಅಷ್ಟು ಒಳಗ ಹೋಗೇದ. ಉಪಾಸ ಬಿದ್ದಂಗ." ಚಹಾ ಕುಡಿಯದೆ ಹೋದರು. ಆಮೇಲೆ ಬರಲಿಲ್ಲ. ಹಲಗೆಯನ್ನು ಎರಡು ಸ್ಟೂಲಿನ ಮೇಲಿಟ್ಟು, ಬಿಳಿ ಬಟ್ಟೆ ಹಾಸಿ, ತಿಂಡಿಯ ಮೇಜು ಮಾಡಿಕೊಂಡೆವು. ಗಟ್ಟಿಯಾಗಿತ್ತು. ಪದರ ಪದರ ಬಣ್ಣ ಕೂತು ಎತ್ತಲಾರದಷ್ಟು ಭಾರವೂ ಆಗಿತ್ತು.

ಮಾಸ್ತರು ಮೊಣಕಾಲು ನೋವಿಗೆ ದಾಲನ ಬಿಟ್ಟು ಖಾರಘರದ ಮಗನ ಮನೆಗೆ ಹೋಗುವ ದಿನ, ಬೀಗದ ಕೈ ನನಗೆ ಕೊಟ್ಟು ಹೇಳಿದ್ದು ಇಷ್ಟೇ: "ನೀನು ನೂರು ವಾದ ಗೆದ್ದೆ, ಗೌರಿ. ಒಂದು ಸೋಲಬೇಕಿತ್ತು."

ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುವುದು ಖಚಿತವಾದಾಗ ನಮಗೆ ಉಳಿದದ್ದು ಒಂದು ಪ್ರದರ್ಶನದಷ್ಟು ದಿನ. ಹೊಸ ಟವರಿನಲ್ಲಿ ಸಂಘಕ್ಕೆ ಕಚೇರಿ ಸಿಗುತ್ತದೆ, ಗೋಡೆ ಸಿಗುವುದಿಲ್ಲ. ಹಿರಿಯ ಕಲಾವಿದರದ್ದು ಹಾಕೋಣ ಎಂದರು ಶ್ರೀನಾಥ್. ನಾನು ಈರಣ್ಣನ ಹೆಸರು ಹೇಳಿದೆ. "ಅವರದ್ದು ಬೇಡ ಅಂದೋರೇ ನೀವಲ್ವಾ?" ಎಂದರು ಅವರು, ನಿಜವಾಗಿಯೂ ಆಶ್ಚರ್ಯಪಟ್ಟು. ಹೌದು ಎಂದೆ. ಕಾರಣ ಕೊಡಲಿಲ್ಲ. ಕಾರಣವಿಲ್ಲದೆ ನಾನು ಮಾತಾಡಿದ್ದು ಅದೇ ಮೊದಲು. ಬಹುಶಃ ಅದಕ್ಕೇ ಅವರು ಒಪ್ಪಿದರು.

ಠಾಣೆಯಿಂದ ವಾಶಿ ಗಾಡಿ ಹಿಡಿದು ಕೋಪರಖೈರಣೆಗೆ ಹೋದೆ. ಸಾಲುಮನೆಗಳ ಗಲ್ಲಿ, ಪ್ರತಿ ಬಾಗಿಲ ಮುಂದೂ ನೀರಿನ ನೀಲಿ ಡ್ರಮ್ಮು. ಒಂದು ಡ್ರಮ್ಮಿನ ಮೇಲೆ ಮುಚ್ಚಳವಾಗಿ ತಗಡಿತ್ತು. ತುಕ್ಕಿನ ನಡುವೆ ಒಂದು ‘ಠ’, ದುಂಡಗೆ, ನಡುವೆ ಚುಕ್ಕೆ. ಮನೆ ಹುಡುಕುವ ಕಷ್ಟ ತಪ್ಪಿತು.

ಈರಣ್ಣನ ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬರ್ರಿ ವಕೀಲಬಾಯಿ, ಒಳಗ ಬರ್ರಿ," ಎಂದರು. ನಾನು ಹೇಳಬೇಕಿದ್ದ ಮಾತು ಅದು, ಎಷ್ಟೋ ವರ್ಷ ಮೊದಲೇ.

ತಗಡುಗಳ ವಿಷಯ ಕೇಳಿದೆ. "ಎಲ್ಲಿ ಉಳಿತಾವ್ರಿ? ಮಳಿಗಾಲಕ್ಕ ಒಂದು ಛಾವಣಿ ಮ್ಯಾಲ ಹೋತು, ಒಂದು ಬಚ್ಚಲಕ್ಕ ಹೋತು, ಬಾಜೂದವರು ಒಯ್ದ್ರು. ಇದೊಂದು ಡ್ರಮ್ಮಿಗೆ ಸರೀ ಕೂಡ್ತಿತ್ತು ಅಂತ ಉಳದದ."

"ಕಾಕಾ, ಇದರ ನೆರಳು..." ಎಂದೆ. ತುಕ್ಕಿನಲ್ಲೂ ಕಾಣುತ್ತಿತ್ತು, ಅಕ್ಷರದ ಬುಡದಲ್ಲೇ ಮುದುಡಿ ಬಿದ್ದ ಒಂದು ಗೆರೆ ನೆರಳು. "ಇಷ್ಟು ಸಣ್ಣದು ಯಾಕೆ?"

"ನಡು ಹಗಲಲ್ರೀ!" ಎಂದರು, ಮಗುವಿಗೆ ಹೇಳುವ ಹಾಗೆ. "ಅ ಅಂದ್ರ ಹೊತ್ತು ಮೂಡೂದು, ನೆರಳು ಈ ಕಡೆ ಉದ್ದ. ಆ ಇ ಈ ಅಂತ ಹೊತ್ತು ಏರ್ತದ. ‘ಠ’ಕ್ಕ ಬಂದ್ರ ನೆತ್ತಿ ಮ್ಯಾಲ. ಅಲ್ಲಿಂದ ಇಳೀತದ, ಳ ಬರೂದ್ರಾಗ ಮುಳುಗ್ತದ. ರೇಣೂಗ ಒಂದು ದಿನಾ ಅಂದ್ರ ಇಷ್ಟು ಅಕ್ಷರ ಅಂತ ಕಲಸಬೇಕಂತ ಮಾಡಿದ್ದೆ. ನೀವು ಅವತ್ತು ಹೆಂಗ ಇಟ್ಟಿದ್ರಿ? ಸಾಲಾಗಿ ಇಟ್ಟಿರಲಿಲ್ಲೇನು?"

ಮನೆಯಲ್ಲಿ ಅಮ್ಮ ಓದುತ್ತಿದ್ದ ವಾರಪತ್ರಿಕೆ ನೋಡಿ ಕನ್ನಡ ಕಲಿತವಳು ನಾನು. ಮರಾಠಿ ಶಾಲೆ, ಇಂಗ್ಲಿಷ್ ಕಾಲೇಜು. ಅಕ್ಷರ ಒಂದೊಂದೂ ಗೊತ್ತು. ಅವನ್ನು ಸಾಲಾಗಿ ನಿಂತು ಕೂಗಿ ಕಲಿತವಳಲ್ಲ. ವರ್ಣಮಾಲೆ ಎಂದು ವಾದಿಸಿದರೂ, ಬಣ್ಣ ನೋಡಿ ಜೋಡಿಸುವಾಗ, ಮರಾಠಿಯಲ್ಲಿ ಕಲಿತ ಸಾಲೇ ಇವಕ್ಕೂ ಇದೆ ಎಂಬುದು ನನ್ನ ತಲೆಗೆ ಬಂದಿರಲಿಲ್ಲ. ಬಿಸಿಲು ಎಲ್ಲಿಂದ ಬರುತ್ತದೆಂಬ ಮಾಸ್ತರ ಪ್ರಶ್ನೆಗೆ ಉತ್ತರ ಆ ತಗಡುಗಳಲ್ಲೇ ಇತ್ತು. ಕೆಡಿಸಿ ಇಟ್ಟವಳು ನಾನು. ಕೆಟ್ಟಿದೆ ಎಂದು ಗೆದ್ದವಳೂ ನಾನು.

ಅದನ್ನೆಲ್ಲ ಹೇಳಿದೆ. ಈರಣ್ಣ ಕೇಳಿಸಿಕೊಂಡರು. "ಇರ್ಲಿ ಬಿಡ್ರಿ. ವಾದ ಛಲೋ ಇತ್ತು," ಎಂದರು. ಮತ್ತೆ ಅದೇ, ಚುಚ್ಚಿಲ್ಲದ ದನಿ. ಕೊನೆಯ ಪ್ರದರ್ಶನಕ್ಕೆ ಏನಾದರೂ ಹೊಸದಾಗಿ ಮಾಡಿಕೊಡಿ ಎಂದೆ. ತಗಡಿಲ್ಲ, ಈಗ ಯಾರೂ ಬೋರ್ಡೇ ಮಾಡಿಸುವುದಿಲ್ಲ ಎಂದರು. ಆಮೇಲೆ, "ಆ ಹಲಗಿ ಅದ ಏನು?" ಎಂದು ಕೇಳಿದರು.

ಗುರುವಾರ ಬಂದರು, ಜೂನಿಯರ್ ಕಾಲೇಜಿಗೆ ಹೋಗುವ ರೇಣುವನ್ನು ಕರೆದುಕೊಂಡು. ಬಟ್ಟೆ ಸರಿಸಿ ಹಲಗೆಯನ್ನು ಜಗಲಿಗೆ ಹೊತ್ತೆವು. ಈರಣ್ಣ ಅದರ ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಬಣ್ಣದ ಪದರಗಳು ಪುಸ್ತಕದ ಹಾಳೆಗಳ ಹಾಗೆ ಕೂತಿದ್ದವು. "ಇದರ ಮ್ಯಾಲ ಇನ್ನ ಹೊಸಾ ಬಣ್ಣ ನಿಂದ್ರಂಗಿಲ್ಲ. ಕಟಗಿ ಕಾಣೂ ತನಕ ತಿಕ್ಕಬೇಕು," ಎಂದು ಒದ್ದೆ ಪಾಲಿಶ್ ಪೇಪರ್ ಹಿಡಿದು ಉಜ್ಜಲು ಕೂತರು.

ಅರ್ಧ ಗಂಟೆಗೆ ಹಲಗೆಯ ಎಡಮೂಲೆಯಲ್ಲಿ ಹಳೆಯ ಅಕ್ಷರಗಳು ಮೇಲೆದ್ದವು. ಯಾರದೋ ಹೆಸರಿನ ಅರ್ಧ, ಅದರೊಳಗಿಂದ ಇನ್ನೊಂದರ ಬಾಲ. ಆ ಅತ್ತೆಯ ಅಳಿಯನ ಹೆಸರಿನ ಒಂದು ಕೊಂಬು. ಫ್ಲೆಕ್ಸ್ ಬರುವ ಮುಂಚಿನ ಒಂದೊಂದು ಶುಕ್ರವಾರವೂ ಅಲ್ಲಿತ್ತು, ನೀಲಿ, ಕೆಂಪು, ಮತ್ತೆ ಬಿಳಿ.

"ನಿಲ್ಲಿಸಿ ಕಾಕಾ!" ಎಂದೆ. "ಇಷ್ಟು ಸಾಕು. ಇದೇ ಪ್ರದರ್ಶನ. ಇದನ್ನು ಹೀಗೇ ತೂಗುಹಾಕೋಣ. ನಿಮ್ಮ ಅಷ್ಟೂ ವರ್ಷದ ಕೈ ಇದರಲ್ಲಿದೆ."

"ಇದು ಅರ್ಧಾ ಕೆಲಸ ರೀ."

"ಅರ್ಧ ಅನ್ನೋದೇ ಇದರ ಬೆಲೆ. ಒಂದು, ಇದು ದಾಲನದ ನೆನಪು. ಎರಡು..."

"ನೆನಪು ನಿಮ್ದು," ಎಂದರು ಈರಣ್ಣ, ಕೈ ನಿಲ್ಲಿಸದೆ. "ಆ ಹೆಸರು ಎಲ್ಲಾ ಮಂದೀವು. ನಾ ಬರದದ್ದು ಖರೆ. ಅವರು ಒಳಗಿದ್ರು, ನಾ ಹೊರಗಿದ್ದೆ. ಅರ್ಧಾ ತಿಕ್ಕಿದ ಹಲಗಿ ಹಚ್ಚಿ ಕೆಳಗ ನನ್ನ ಹೆಸರು ಹಾಕ್ತೀರೇನ್ರಿ? ಯಾರರೆ ನಮ್ಮ ಧಂದೇದವರು ನೋಡಿದ್ರ ಏನಂದಾರು?"

ನನ್ನ ಬಳಿ ಎರಡನೆಯ ಅಂಶವಿತ್ತು, ಮೂರನೆಯದೂ ಇತ್ತು. ಮೂರನೆಯದು ತುಂಬ ಚೆನ್ನಾಗಿತ್ತು. ಇವತ್ತಿಗೂ ಅದು ಗೆಲ್ಲುವ ವಾದವೆಂದೇ ನಂಬುತ್ತೇನೆ. ಹೇಳಲಿಲ್ಲ. ಇನ್ನೊಂದು ಒದ್ದೆ ಪೇಪರ್ ತೆಗೆದುಕೊಂಡು ಬಲಮೂಲೆಯಿಂದ ಉಜ್ಜಲು ಕೂತೆ. ಬಣ್ಣದ ನೀರು ಮೆಟ್ಟಿಲಿಳಿದು ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಹೆಸರೂ ಉಳಿಯಲಿಲ್ಲ. ಹೊಸ ಹಲಗೆಯಷ್ಟೇ ಹಗುರ, ಬೆತ್ತಲೆ ಮರ.

"ಏನ ಬರೀಲಿ?" ಎಂದು ಈರಣ್ಣ ಕೇಳಿದ್ದು ನನ್ನನ್ನಲ್ಲ, ಮಗಳನ್ನು.

"ಪಪ್ಪಾ, ವೋ ಡ್ರಮ್‌ವಾಲಾ ಲಿಖೋ ನಾ," ಎಂದಳು ರೇಣು. ಡ್ರಮ್ಮಿನ ಮೇಲಿನ ಅಕ್ಷರ. ಅದು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದಿಂದ ನೀರು ತೋಡುವಾಗಲೆಲ್ಲ ಎತ್ತಿ ಇಟ್ಟದ್ದು ಗೊತ್ತಿತ್ತು.

ಈರಣ್ಣ ಬ್ರಷ್ಷನ್ನು ಹಲಗೆಗೆ ಮುಟ್ಟಿಸಿದರು. ನಾನು ಈ ಸಲ ಕಾಗುಣಿತ ನೋಡಲಿಲ್ಲ, ಉಸಿರು ನೋಡಿದೆ. ಮಾಸ್ತರು ಹೇಳಿದ್ದು ನಿಜ. ದುಂಡು ಮುಗಿದು ನಡುವಿನ ಚುಕ್ಕೆ ಇಟ್ಟ ಮೇಲೆಯೇ ಉಸಿರು ಬಿಟ್ಟರು. ಆಮೇಲೆ ಬುಡದಲ್ಲಿ ಬೆರಳಗಲದ ನೆರಳು. ಜಗಲಿಯಲ್ಲಿ ನಿಜವಾಗಿ ಬಿಸಿಲು ಬಿದ್ದ ಹಾಗಾಯ್ತು.

ಶುಕ್ರವಾರ ಒಳಗಿನ ನಾಲ್ಕೂ ಗೋಡೆ ಖಾಲಿ. ಎದುರುಗೋಡೆಯ ನಡುವೆ ಆ ಹಲಗೆಯೊಂದೇ. ಬಂದವರು ಗೊಂದಲಕ್ಕೆ ಬಿದ್ದರು. "ಬೋರ್ಡ್ ಪೂರ್ತಿ ಆಗಿಲ್ವಾ?" ಎಂದು ಕೇಳಿದರು ಕೆಲವರು. ದಾಟಿ ಹೋಗಲು ಮೂವತ್ತು ಚಿತ್ರಗಳಿರಲಿಲ್ಲ. ಆದರೂ ವಡೆಯ ಕಡೆ ಹೊರಟವರ ಕಾಲು ಅದರ ಮುಂದೆ ತಡೆಯಿತು. ನಾನು ಎಣಿಸಿದೆ. ಆರು ಜನ.

ಈರಣ್ಣ ಜಗಲಿಯಲ್ಲೇ ನಿಂತಿದ್ದರು. ರೇಣು ಕೈ ಹಿಡಿದು ಎಳೆಯುತ್ತಿದ್ದಳು. ಆಗ ಕೋಲೂರಿಕೊಂಡು ಮಾಸ್ತರು ಮೆಟ್ಟಿಲು ಹತ್ತಿ ಬಂದರು, ಖಾರಘರದಿಂದ. ಈರಣ್ಣನ ಹೆಗಲ ಮೇಲೆ ಕೈಯಿಟ್ಟು, ಆ ಭಾರಕ್ಕೇ ಎಂಬಂತೆ, ಒಳಗೆ ನಡೆಸಿಕೊಂಡು ಬಂದು ಹಲಗೆಯ ಎದುರು ನಿಂತರು. ಫಾಸ್ಟ್ ಲೋಕಲ್ ಹಾದುಹೋಯಿತು, ಗಾಜು ಗಡಗಡ ಎಂದಿತು. ನಾವೆಲ್ಲ ಕಾದೆವು.

"ಗೌರಿ," ಎಂದರು ಮಾಸ್ತರು, "ಎರಡಿಂಚು ಕೆಳಗೆ."

"ಸರಿಯಾಗೇ ಅಳೆದು ಹಾಕಿದೀನಿ, ಮಾಸ್ತರೇ. ಎಂದಿನ ಎತ್ತರಾನೇ."

"ಅದು ಬಂದವರ ಎತ್ತರ ಮಾರಾಯ್ತಿ. ಇವನ ಕಣ್ಣು ಎಲ್ಲಿ ಉಂಟು ನೋಡು."

ಉದ್ಘಾಟನೆಯ ನಡುವೆ ಸುತ್ತಿಗೆ ತಂದೆ. ಮುಖ್ಯ ಅತಿಥಿ ದೀಪದ ಪಕ್ಕ ಬೆವರುತ್ತ ನಿಂತರು. ರೇಣು ಹಲಗೆ ಹಿಡಿದಳು, ನಾನು ಮೊಳೆ ಕಿತ್ತು ಎರಡಿಂಚು ಕೆಳಗೆ ಹೊಡೆದೆ, ತೂಗುಹಾಕಿ ಪಕ್ಕಕ್ಕೆ ಸರಿದೆ.

ಈರಣ್ಣ ತಲೆ ಎತ್ತಲಿಲ್ಲ, ತಗ್ಗಿಸಲೂ ಇಲ್ಲ. ನೇರವಾಗಿ ನೋಡಿದರು.